ಇಂಪ್ಯಾಕ್ಟ್ ಅಂದ್ರೆ ಯಾರ ಮಂಡಿಗೆ?

ಇತ್ತೀಚೆಗೆ ಯಾವ ವಿಜ್ಞಾನಿಯ ಬಗ್ಗೆ ಓದಿದರೂ ಒಂದೇ ರಾಗ. ಇಷ್ಟು ಪೇಪರ್, ಇಷ್ಟು ಸಾವಿರ ಸೈಟೇಶನ್, ಎಚ್-ಇಂಡೆಕ್ಸ್ ಇಷ್ಟು. ಅದೇ ಅವರ "ಇಂಪ್ಯಾಕ್ಟ್" ಅಂತೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಎಷ್ಟು ಸಾಲು ಕೋಡ್ ಬರೆದೆ ಅಂತ ಅಪ್ರೈಸಲ್‌ನಲ್ಲಿ ಕೊಚ್ಚಿಕೊಂಡ ಹಾಗೆ. ಪ್ರೋಗ್ರಾಂ ಓಡುತ್ತೋ ಇಲ್ಲವೋ, ಅದು ಬೇರೆ ಮಾತು :)

ಮಂಡಿ ಸವೆತದ ವಿಷಯವನ್ನೇ ತಗೊಳ್ಳಿ. ಡಾಕ್ಟರು ಆಸ್ಟಿಯೋ ಆರ್ಥ್ರೈಟಿಸ್ ಅನ್ನೋದು ಇದಕ್ಕೇ. ಇದಕ್ಕೆ ಸ್ಟೆಮ್ ಸೆಲ್ ಮದ್ದು ಅನ್ನೋ ಮಾತಿನ ಮೂಲ ಹುಡುಕುತ್ತಾ ಹೋದರೆ ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್ ಸಿಗುತ್ತಾರೆ. 1991ರಲ್ಲಿ "ಮೆಸೆನ್‌ಕೈಮಲ್ ಸ್ಟೆಮ್ ಸೆಲ್" ಅನ್ನೋ ಹೆಸರನ್ನು ಚಾಲ್ತಿಗೆ ತಂದವರು. ಸೈಟೇಶನ್ ಲೆಕ್ಕದಲ್ಲಿ ಅವರು ದೊಡ್ಡ ಕುಳ. ಅದೇ ಮನುಷ್ಯ 2017ರಲ್ಲಿ ಇನ್ನೊಂದು ಪೇಪರ್ ಬರೆದು, ಈ ಹೆಸರು ಬದಲಾಯಿಸಿ ಅಂತ ಕೇಳಿಕೊಂಡರು. ದೇಹಕ್ಕೆ ಚುಚ್ಚಿದ ಈ ಕೋಶಗಳು ತಾವೇ ಹೊಸ ಅಂಗಾಂಶವಾಗಿ ಬೆಳೆದು ನಿಲ್ಲೋದಿಲ್ಲ, ಸುತ್ತಲಿನ ಕೋಶಗಳಿಗೆ ರಾಸಾಯನಿಕ ಸಂಕೇತ ಕಳಿಸುತ್ತವೆ ಅಷ್ಟೆ, "ಸ್ಟೆಮ್ ಸೆಲ್" ಅಂತ ಕರೆದು ರೋಗಿಗಳಲ್ಲಿ ಇಲ್ಲದ ಆಸೆ ಹುಟ್ಟಿಸಬೇಡಿ ಅನ್ನೋದು ಅವರ ವಾದ. 2024ರಲ್ಲಿ ತೀರಿಕೊಂಡರು. ಅವರ ಮೊದಲ ಮಾತು ಊರೂರಿಗೆ ಮುಟ್ಟಿತು, ಎರಡನೆಯದು ಜರ್ನಲ್ ಬಿಟ್ಟು ಆಚೆ ಬರಲೇ ಇಲ್ಲ.

ಮುಟ್ಟಿದ ಊರುಗಳಲ್ಲಿ ನಮ್ಮದೂ ಒಂದು. ನಮ್ಮತ್ತೆ ಭದ್ರಾವತಿ ನ್ಯೂಟೌನಿನವರು, ಮಾವ ಕಬ್ಬಿಣದ ಕಾರ್ಖಾನೆಯಿಂದ ರಿಟೈರ್ ಆದವರು. ಹೋದ ಸಲ ಊರಿಗೆ ಹೋದಾಗ ಅತ್ತೆ, "ಶಿವಮೊಗ್ಗದಲ್ಲಿ ಸ್ಟೆಮ್ ಸೆಲ್ ಹಾಕಿಸ್ಕೊಂಡೆ ಕಣೋ" ಅಂದರು. ಎಲ್ಲಿಂದ ತೆಗೆದರು ಅತ್ತೆ, ಮೂಳೆಯಿಂದಲಾ? "ಇಲ್ವಪ್ಪ, ಕೈಯಿಂದ ರಕ್ತ ತೆಗೆದು ಮಿಷಿನ್ನಲ್ಲಿ ಗರಗರ ತಿರುಗಿಸಿ ಮಂಡಿಗೆ ಚುಚ್ಚಿದ್ರು." ಅದು ಪಿಆರ್‌ಪಿ, ಅಂದರೆ ಪ್ಲೇಟ್‌ಲೆಟ್ ಜಾಸ್ತಿ ಇರೋ ರಕ್ತದ ಪ್ಲಾಸ್ಮಾ. ಅದನ್ನು ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಯಾವ ಪುಸ್ತಕವೂ ಕರೆಯೋದಿಲ್ಲ. ಕ್ಲಿನಿಕ್ ಹೆಸರು ಬೇಡ ಬಿಡಿ. ಎರಡು ಇಂಜೆಕ್ಷನ್ ಆಗಿ ಮೂರು ತಿಂಗಳಾದರೂ ಅತ್ತೆ ಮೆಟ್ಟಿಲು ಹತ್ತೋವಾಗ ಗೋಡೆ ಹಿಡೀತಾರೆ. ದುಡ್ಡು ಮಾತ್ರ ಮಾವನ ಎಫ್‌ಡಿಯದು.

ಹಾಗಂತ ಈ ಸಂಶೋಧನೆಯೆಲ್ಲ ಬರೀ ಓಳು ಅಂತ ನಾನು ಹೇಳ್ತಾ ಇಲ್ಲ. ನಮ್ಮ ಬೆಂಗಳೂರಿನದೇ ಸ್ಟೆಂಪ್ಯೂಟಿಕ್ಸ್ ಕಂಪನಿ, ದಾನಿಗಳ ಮೂಳೆಮಜ್ಜೆಯ ಕೋಶ ಬೆಳೆಸಿ ಮಂಡಿ ಸವೆತಕ್ಕೆ ಔಷಧ ಮಾಡಿತು. 146 ರೋಗಿಗಳ ಮೇಲೆ, ಪ್ಲಸೀಬೊ ಜೊತೆ ಹೋಲಿಸಿ, ಒಂದು ವರ್ಷ ನೋಡಿದರು. 2022ರಲ್ಲಿ ಔಷಧ ನಿಯಂತ್ರಕರ ಒಪ್ಪಿಗೆಯೂ ಸಿಕ್ಕಿತು. ನೋವು ಕಡಿಮೆಯಾಯಿತು, ಎಂಆರ್‌ಐನಲ್ಲಿ ಮೃದ್ವಸ್ಥಿ ಹದಗೆಡೋದು ನಿಂತ ಹಾಗೆ ಕಂಡಿತು ಅಂತ ವರದಿ. ಹೊಸ ಮೃದ್ವಸ್ಥಿ ಬೆಳೆಯಿತು ಅಂತ ಅಲ್ಲ, ಈ ವ್ಯತ್ಯಾಸ ಗಮನಿಸಿ. ಆದರೂ ಇದು ಕ್ರಮವಾಗಿ ಮಾಡಿದ ಕೆಲಸ, ಸಲಾಂ ಹೊಡೆಯೋಣ.

ಆದರೆ 2023ರಲ್ಲೇ ನೇಚರ್ ಮೆಡಿಸಿನ್‌ನಲ್ಲಿ ಅಮೆರಿಕದ ಇನ್ನೊಂದು ಪ್ರಯೋಗ ಬಂತು. ಸುಮಾರು 480 ಜನ. ರೋಗಿಯದೇ ಮೂಳೆಮಜ್ಜೆ, ರೋಗಿಯದೇ ಕೊಬ್ಬು, ಹೊಕ್ಕುಳಬಳ್ಳಿ, ಹೀಗೆ ಮೂರು ಮೂಲದ ಕೋಶಗಳನ್ನು ಹಳೇ ಕಾಲದ ಅಗ್ಗದ ಸ್ಟೀರಾಯ್ಡ್ ಇಂಜೆಕ್ಷನ್ ಜೊತೆ ಹೋಲಿಸಿದರು. ವರ್ಷದ ಕೊನೆಗೆ ಮೂರರಲ್ಲಿ ಒಂದೂ ಸ್ಟೀರಾಯ್ಡನ್ನು ಮೀರಿಸಲಿಲ್ಲ. ಬೆಂಗಳೂರಿನ ಕೋಶ ಬೇರೆ ಥರದ್ದು, ಈ ಫಲಿತಾಂಶ ಅದಕ್ಕೆ ನೇರವಾಗಿ ಅಂಟೋದಿಲ್ಲ, ಸರಿ. ಆದರೆ ಪ್ಲಸೀಬೊ ಜೊತೆ ಗೆದ್ದರೆ ಸಾಕಾ, ಅಗ್ಗದ ಇಂಜೆಕ್ಷನ್ ಜೊತೆಗೂ ಗೆಲ್ಲಬೇಕಾ ಅನ್ನೋ ಪ್ರಶ್ನೆ ಅಂಟುತ್ತೆ. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ನಿಜವಾದ ಇಂಪ್ಯಾಕ್ಟ್ ಅಂದರೆ "ಮೀರಿಸಲಿಲ್ಲ" ಅಂದ ಆ ಪೇಪರ್. ಅತ್ತೆ ಕೈಗೆ ಅದರ ಸಾರ ಕನ್ನಡದಲ್ಲಿ ಸಿಕ್ಕಿದ್ದರೆ ಎಫ್‌ಡಿ ಮುರಿಯೋ ಮುಂಚೆ ಡಾಕ್ಟರನ್ನ ನಾಲ್ಕು ಪ್ರಶ್ನೆ ಕೇಳ್ತಿದ್ದರು.

ಇನ್ನು ಸ್ಟೆಮ್ ಸೆಲ್ ಸುದ್ದಿಯೇ ಇಲ್ಲದ ಇಂಪ್ಯಾಕ್ಟ್ ನೋಡಿ. 2005ರಲ್ಲಿ ಸ್ಟೀಫನ್ ಮೆಸ್ಸಿಯರ್ ತಂಡ, ಒಂದು ಕೆಜಿ ತೂಕ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತೆ ಅಂತ ತೋರಿಸಿತು. 2017ರ ಆಗಸ್ಟ್‌ನಲ್ಲಿ ಕೇಂದ್ರದ ಒಂದು ಆದೇಶ ಬಂದು, ಒಂದೂವರೆ ಲಕ್ಷ ದಾಟುತ್ತಿದ್ದ ಕೋಬಾಲ್ಟ್-ಕ್ರೋಮಿಯಂ ಕೃತಕ ಮಂಡಿಯ ಬೆಲೆ ₹54,720ಕ್ಕೆ ಇಳಿಯಿತು (ತೆರಿಗೆ ಬೇರೆ). ಆ ಆದೇಶ ಬರೆದ ಗುಮಾಸ್ತರ ಎಚ್-ಇಂಡೆಕ್ಸ್ ಎಷ್ಟೋ!

ಬೇಜಾರಾಗಬೇಡಿ, ನಮ್ಮ ಬ್ಲಾಗಿಗರ ಪಾಲೂ ಇದರಲ್ಲಿ ಇದೆ. "ಮಂಡಿನೋವಿಗೆ ಕೊನೆಗೂ ಪರಿಹಾರ" ಅಂತ ಇಂಗ್ಲಿಷ್ ಪ್ರೆಸ್ ರಿಲೀಸನ್ನು ಕನ್ನಡಕ್ಕಿಳಿಸಿ, "ಉಪಯುಕ್ತ ಮಾಹಿತಿ" ಅಂತ ಹತ್ತು ಕಾಮೆಂಟ್ ಗಿಟ್ಟಿಸೋದು ಸುಲಭ. ಎಷ್ಟು ಜನರ ಮೇಲೆ, ಯಾವುದರ ಜೊತೆ ಹೋಲಿಸಿ, ಎಷ್ಟು ತಿಂಗಳು ನೋಡಿದರು ಅಂತ ಒಂದು ಸಾಲು ಸೇರಿಸಿದರೆ ಏನು ಗಂಟು ಹೋಗುತ್ತೆ? ಶಂಕರಘಟ್ಟದ ಕುವೆಂಪು ವಿ.ವಿ.ಯವರು, ಶಿವಮೊಗ್ಗ ಮೆಡಿಕಲ್ ಕಾಲೇಜಿನವರು ಸೇರಿ ಇಂಥದ್ದೊಂದು ಪುಟ ಕನ್ನಡದಲ್ಲಿ ಅಚ್ಚು ಹಾಕಿಸಿ ಮೆಗ್ಗಾನ್ ಆಸ್ಪತ್ರೆಯ ಓಪಿಡಿ ಗೋಡೆಗೆ ಅಂಟಿಸಲಿ. ಖರ್ಚು ಒಂದು ಸೆಮಿನಾರಿನ ಟೀ-ಬಿಸ್ಕತ್ತಿನಷ್ಟೂ ಆಗಲ್ಲ.

ಶಿವಮೊಗ್ಗ, ಭದ್ರಾವತಿ ಕಡೆಯವರು ಯಾರಾದರೂ ಓದ್ತಿದ್ದರೆ, ನಿಮ್ಮ ಮನೆಯವರಿಗೆ "ಸ್ಟೆಮ್ ಸೆಲ್" ಅಂತ ಹೇಳಿ ನಿಜಕ್ಕೂ ಏನು ಚುಚ್ಚಿದರು ಅಂತ ವಿಚಾರಿಸಿ ಕಾಮೆಂಟಿನಲ್ಲಿ ಬರೆಯಿರಿ. ಕ್ಲಿನಿಕ್ ಹೆಸರು ಬೇಡ, ರಕ್ತ ಎಲ್ಲಿಂದ ತೆಗೆದರು ಅಷ್ಟು ಸಾಕು.