ಹಸಿರು ಅಂಕಿಯ ಮೋಹ

ಅರ್ಧ ಕಿಲೋ ತೊಗರಿಬೇಳೆ ಕೊಳ್ಳುವಾಗಲೂ ಅಂಗೈಯಲ್ಲಿ ಹಾಕಿಕೊಂಡು ನೋಡುವವರು ನಾವು. ಸೀರೆಯಾದರೆ ಸೆರಗು ಬಿಡಿಸಿ, ಅಂಚು ತಿರುವಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ದರದ ಮಾತು. ಇಷ್ಟೆಲ್ಲ ನಿಗಾ ಇರುವ ನಾವೇ ವರ್ಷಗಟ್ಟಲೆ ಉಳಿಸಿದ ದುಡ್ಡನ್ನು ಇ.ಟಿ.ಎಫ್.ಗೆ ಹಾಕುವ ಹೊತ್ತಿಗೆ, ಮೊಬೈಲಿನಲ್ಲಿ ಹಸಿರಾಗಿ ಹೊಳೆಯುವ ಒಂದೇ ಒಂದು ಅಂಕಿಯನ್ನು ನಂಬಿಬಿಡುತ್ತೇವಲ್ಲ, ಅದು ನನ್ನನ್ನು ಕೆರಳಿಸುತ್ತದೆ. ಸಿಟ್ಟು ನಮ್ಮ ಹೆಂಗಸರ ಮೇಲಲ್ಲ. ಆ ಅಂಕಿಯನ್ನು ಜಗಲಿಯ ಮೇಲೆ ಕೂರಿಸಿ, ತಿಳಿಯಬೇಕಾದ ಉಳಿದದ್ದನ್ನೆಲ್ಲ ಹಿತ್ತಿಲಿಗೆ ತಳ್ಳಿದವರ ಮೇಲೆ.

ಇ.ಟಿ.ಎಫ್. ಎಂದರೆ ಬ್ರಹ್ಮವಿದ್ಯೆಯಲ್ಲ. ಷೇರಿನ ಹಾಗೆ ಪೇಟೆಯಲ್ಲಿ ಕೊಂಡು ಮಾರಬಹುದಾದ ಮ್ಯೂಚುವಲ್ ಫಂಡ್ ಅಷ್ಟೆ. ನಮ್ಮ ದೇಶದ ಮೊದಲ ಇ.ಟಿ.ಎಫ್. ನಿಫ್ಟಿ ಬೀಸ್ 2002ರ ಜನವರಿಯಲ್ಲಿ ಪೇಟೆಗೆ ಬಂತು. ಚಿನ್ನದ್ದು 2007ರಲ್ಲಿ, ಬೆಳ್ಳಿಯದು 2022ರಲ್ಲಿ. ನಿಫ್ಟಿಯ ಇ.ಟಿ.ಎಫ್. ಮಾಡಬೇಕಾದ ಕೆಲಸ ಒಂದೇ: ಸೂಚ್ಯಂಕದಲ್ಲಿರುವ 50 ಕಂಪನಿಗಳ ಷೇರುಗಳನ್ನು ಅದೇ ಪ್ರಮಾಣದಲ್ಲಿ ಇಟ್ಟುಕೊಳ್ಳುವುದು. ಪಕ್ಕದ ಮನೆಯ ರಂಗೋಲಿಯನ್ನು ಚುಕ್ಕಿ ತಪ್ಪದೆ ನಮ್ಮ ಅಂಗಳದಲ್ಲಿ ಬಿಡಿಸಿದಂತೆ. ಇಲ್ಲಿ ಸ್ವಂತ ಜಾಣ್ಮೆ ತೋರಿಸಿದರೆ ಅದೇ ದೋಷ.

ಹೀಗಿರುವಾಗ ಒಂದೇ ನಿಫ್ಟಿಯ ಎರಡು ಇ.ಟಿ.ಎಫ್.ಗಳಲ್ಲಿ ಒಂದಕ್ಕೆ ಐದು ನಕ್ಷತ್ರ, ಇನ್ನೊಂದಕ್ಕೆ ಮೂರು ಕೊಟ್ಟರೆ ಅದರಿಂದ ನಮಗೆ ತಿಳಿಯುವುದೇನು? ಎರಡರ ಹೊಟ್ಟೆಯಲ್ಲೂ ಇರುವುದು ಅವೇ 50 ಷೇರುಗಳು. ಇದಕ್ಕಿಂತ ಕೆಟ್ಟದ್ದು ಕಳೆದ ಒಂದು ವರ್ಷದ ಲಾಭದ ಪ್ರಕಾರ ಮಾಡಿದ ಪಟ್ಟಿ. ನಮ್ಮ ಮಹಿಳಾ ಸಮಾಜದಲ್ಲಿ ಗೆಳತಿಯೊಬ್ಬರು ಅಂಥ ಪಟ್ಟಿಯನ್ನು ತೋರಿಸಿದರು. ಬೆಳ್ಳಿ, ಬ್ಯಾಂಕು, ಸರ್ಕಾರಿ ಸಾಲಪತ್ರ, ಅಮೆರಿಕದ ಕಂಪನಿ, ಎಲ್ಲವೂ ಒಂದೇ ಸಾಲಿನಲ್ಲಿ! ಹಪ್ಪಳವನ್ನೂ ಹೋಳಿಗೆಯನ್ನೂ ಒಂದೇ ಪಂದ್ಯಕ್ಕೆ ನಿಲ್ಲಿಸಿ, ಈ ವರ್ಷ ಹಪ್ಪಳ ಗೆದ್ದಿತು ಎಂದು ಹೇಳುವುದನ್ನು ಹೋಲಿಕೆ ಎನ್ನುತ್ತಾರೆಯೆ? ಇಂಥ ಆಪ್‌ಗಳಲ್ಲಿ ಹಲವನ್ನು ನಡೆಸುವವರು ಬ್ರೋಕರುಗಳು. ನಾವು ಹೆಚ್ಚು ಕೊಂಡು ಹೆಚ್ಚು ಮಾರಿದರೆ ಅವರ ಅಂಗಡಿ ನಡೆಯುತ್ತದೆ. ಪುಕ್ಕಟೆ ಎಂದು ಕೊಟ್ಟ ತಕ್ಕಡಿಯನ್ನು ಹಿಡಿದಿರುವ ಕೈ ಯಾರದ್ದೆಂದು ಮೊದಲು ನೋಡಬೇಕು.

ಹಾಗಾದರೆ ಯಾವ ತಕ್ಕಡಿ ಬೇಕು? ನನ್ನ ಮಟ್ಟಿಗೆ ನಾಲ್ಕು ವಿಷಯ ತೋರಿಸುವುದು ಬೇಕು. ತೋರಿಸದಿದ್ದರೆ ಅದೆಷ್ಟು ಚೆಂದದ ಬಣ್ಣ ಬಳಿದುಕೊಂಡಿದ್ದರೂ ಬೇಡ.

ಮೊದಲನೆಯದು ಖರ್ಚು. ಒಂದು ಲಕ್ಷ ರೂಪಾಯಿಗೆ ನೂರಕ್ಕೆ ಒಂದರಂತೆ ಹಿಡಿದರೆ ವರ್ಷಕ್ಕೆ 1,000 ರೂಪಾಯಿ, 0.05ರಂತೆ ಹಿಡಿದರೆ 50 ರೂಪಾಯಿ. ಇಪ್ಪತ್ತು ವರ್ಷ ಲೆಕ್ಕ ಹಾಕಿ ನೋಡಿ.

ಎರಡನೆಯದು ಟ್ರ್ಯಾಕಿಂಗ್ ಡಿಫರೆನ್ಸ್. ಸೂಚ್ಯಂಕ ನೂರಕ್ಕೆ 12 ಏರಿ, ನಮ್ಮ ಫಂಡು 11.80 ಏರಿದರೆ ನಡುವೆ ಸೋರಿಹೋದ 0.20 ಅದು. 2022ರ ಸೆಬಿ ಸುತ್ತೋಲೆಯ ಪ್ರಕಾರ ಇದನ್ನು ತಿಂಗಳಿಗೊಮ್ಮೆ ಫಂಡ್ ಸಂಸ್ಥೆಯ ತಾಣದಲ್ಲೂ ಆಂಫಿಯ ತಾಣದಲ್ಲೂ ಪ್ರಕಟಿಸಲೇಬೇಕು. ಹೋಲಿಸಬೇಕಾದದ್ದು ಡಿವಿಡೆಂಡನ್ನೂ ಸೇರಿಸಿದ ಟೋಟಲ್ ರಿಟರ್ನ್ ಸೂಚ್ಯಂಕದೊಂದಿಗೆ. ಡಿವಿಡೆಂಡ್ ಬಿಟ್ಟ ಸೂಚ್ಯಂಕದ ಪಕ್ಕದಲ್ಲಿ ನಿಲ್ಲಿಸಿದರೆ ಕುಳ್ಳನೂ ಎತ್ತರ ಕಾಣುತ್ತಾನೆ.

ಮೂರನೆಯದು ಐ-ನ್ಯಾವ್, ಅಂದರೆ ಆ ಹೊತ್ತಿಗೆ ಒಂದು ಯೂನಿಟ್ಟಿನ ಒಳಗಿರುವ ಸರಕಿನ ಅಂದಾಜು ಬೆಲೆ. 2025ರ ಅಕ್ಟೋಬರ್‌ನಲ್ಲಿ, ದೀಪಾವಳಿಯ ಮುಂಚೆ, ದೇಶದಲ್ಲಿ ಬೆಳ್ಳಿಗೆ ಅಭಾವ ಬಂತು. ಬೆಳ್ಳಿ ಇ.ಟಿ.ಎಫ್.ಗಳು ಒಳಗಿನ ಬೆಳ್ಳಿಯ ಮೌಲ್ಯಕ್ಕಿಂತ ಬಹಳ ಮೇಲಿನ ದರಕ್ಕೆ ಬಿಕರಿಯಾದವು. ಕೆಲವು ಸಂಸ್ಥೆಗಳು ತಮ್ಮ ಬೆಳ್ಳಿ ಫಂಡ್ ಆಫ್ ಫಂಡ್‌ಗಳಿಗೆ ಒಂದೇ ಗಂಟಿನಲ್ಲಿ ಹಣ ತೆಗೆದುಕೊಳ್ಳುವುದನ್ನೇ ಕೆಲ ದಿನ ನಿಲ್ಲಿಸಿದವು. ನಮ್ಮ ಸಮಾಜದ ಇಬ್ಬರು ಅದೇ ವಾರ ಕೊಂಡರು. ಅವರ ಆಪ್‌ನಲ್ಲಿ ವರ್ಷದ ಲಾಭ ದಪ್ಪಕ್ಷರದಲ್ಲಿತ್ತು, ಐ-ನ್ಯಾವ್ ಎಲ್ಲೂ ಇರಲಿಲ್ಲ. ಅಕ್ಕಸಾಲಿಗನ ಹತ್ತಿರ ಮಜೂರಿಗಾಗಿ ಅರ್ಧ ಗಂಟೆ ಚೌಕಾಸಿ ಮಾಡುವವರಿಗೆ ಆ ಒಂದು ಸಾಲು ಕಾಣಿಸಿದ್ದರೆ ಕೈ ಹಿಂದೆಗೆಯುತ್ತಿರಲಿಲ್ಲವೆ?

ನಾಲ್ಕನೆಯದು ವಹಿವಾಟು. ಕೊಳ್ಳುವ ದರ 103, ಮಾರುವ ದರ 100 ಇದ್ದರೆ ಕೊಂಡ ಗಳಿಗೆಯಲ್ಲೇ ಮೂರು ರೂಪಾಯಿ ಹೋಯಿತು. ದಿನಕ್ಕೆ ಎಷ್ಟು ಯೂನಿಟ್ ಕೈ ಬದಲಾಗುತ್ತವೆ, ಎರಡು ದರಗಳ ನಡುವೆ ಎಷ್ಟು ಅಂತರ ಎನ್ನುವುದನ್ನು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ತಾಣವೇ ತೋರಿಸುತ್ತದೆ. ಕಾಸು ಕೊಡಬೇಕಿಲ್ಲ, ಹೆಸರು ಬರೆಸಬೇಕಿಲ್ಲ.

ಅಂದರೆ ನಮಗೆ ಬೇಕಾದದ್ದು ಮೂರೇ ಮನೆ: ಫಂಡ್ ಸಂಸ್ಥೆಯ ಸ್ವಂತ ತಾಣ, ಆಂಫಿ, ಷೇರು ವಿನಿಮಯ ಕೇಂದ್ರ. ಬೇರೆ ಆಪ್‌ಗಳನ್ನು ನೋಡಬೇಡಿ ಎನ್ನುವುದಿಲ್ಲ. ಹತ್ತು ಹೆಸರುಗಳನ್ನು ಮೂರಕ್ಕೆ ಇಳಿಸಲು ಅವು ಅನುಕೂಲ. ಕೊನೆಯ ಮಾತು ಮಾತ್ರ ಮೂಲದಲ್ಲೇ ನೋಡಿದ್ದಾಗಿರಲಿ. ಅಮೆರಿಕದಲ್ಲಿರುವ ಮೈದುನ ಕಳಿಸಿದ ತಾಣ ಎಷ್ಟೇ ಸೊಗಸಾಗಿರಲಿ, ಅದು ಅಳೆಯುವುದು ಅಲ್ಲಿನ ಪೇಟೆಯ ಫಂಡುಗಳನ್ನಾದರೆ, ನಮ್ಮ ಊರಿನಿಂದ ಕೊಳ್ಳುವ ನಿಫ್ಟಿ ಫಂಡಿಗೆ ಅದರಿಂದ ಏನೂ ಆಗಬೇಕಾದದ್ದಿಲ್ಲ.

"ಇಷ್ಟೆಲ್ಲ ಇಂಗ್ಲಿಷಿನಲ್ಲಿರುತ್ತದೆ, ನಮಗೇಕೆ, ಮನೆಯವರು ನೋಡಿಕೊಳ್ಳುತ್ತಾರೆ" ಎನ್ನುವವರಿದ್ದಾರೆ. ಕನ್ನಡದಲ್ಲಿ ಇರಬೇಕಿತ್ತು, ಒಪ್ಪುತ್ತೇನೆ. ಅದನ್ನು ಕೇಳುವ ಹಕ್ಕೂ ನಮಗಿದೆ. ಆದರೆ ನಾಲ್ಕು ಅಂಕಿ ಓದಲು ಇಂಗ್ಲಿಷ್ ಪಾಂಡಿತ್ಯ ಬೇಕಿಲ್ಲ. ಗ್ಯಾಸ್ ಬುಕ್ ಮಾಡುವವರಿಗೆ, ಕರೆಂಟ್ ಬಿಲ್ಲಿನ ತಪ್ಪು ಹಿಡಿಯುವವರಿಗೆ ಇದು ಅಸಾಧ್ಯವೆ? ಇನ್ನು ಮನೆಯವರ ಮಾತು. ಡಿಮ್ಯಾಟ್ ಖಾತೆ ನಮ್ಮ ಹೆಸರಿನಲ್ಲಿ, ಆಪ್ ಮಗನ ಮೊಬೈಲಿನಲ್ಲಿ, ಪಾಸ್‌ವರ್ಡ್ ಗಂಡನ ಡೈರಿಯಲ್ಲಿ! ಅದನ್ನು ನಮ್ಮ ದುಡ್ಡು ಎಂದು ಕರೆಯುವುದಾದರೂ ಹೇಗೆ? ಅವರು ಒಳ್ಳೆಯವರೇ ಇರಬಹುದು. ಒಳ್ಳೆಯವರ ಮನೆಯಲ್ಲೂ ಖಾಯಿಲೆ ಬರುತ್ತದೆ, ಸಾವು ಬರುತ್ತದೆ. ಆ ದಿನ ಲೆಕ್ಕ ಕೇಳಿದರೆ ಉತ್ತರ ಹೇಳಬೇಕಾದವಳು ಹೆಂಡತಿಯೇ.

ಆದ್ದರಿಂದ ಯಾವ ತಾಣ ಒಳ್ಳೆಯದು ಎಂದು ಕೇಳುವ ಮುಂಚೆ ಅದನ್ನು ತೆರೆಯುವವರು ಯಾರು ಎಂದು ಕೇಳಿಕೊಳ್ಳಿ. ಈ ವಾರ ನಿಮ್ಮ ಖಾತೆಯ ಪಾಸ್‌ವರ್ಡನ್ನು ಬದಲಿಸಿ, ನಿಮ್ಮದೇ ಮೊಬೈಲಿನಲ್ಲಿ ತೆರೆದು, ಆ ನಾಲ್ಕು ಅಂಕಿಗಳನ್ನು ನೀವೇ ಒಂದು ಕಾಗದದ ಮೇಲೆ ಬರೆದಿಡಿ.