ಹಾಲಿಗೆ ದಿನಕ್ಕೆರಡು ಪರೀಕ್ಷೆ, ಹಾಲು ಕರೆಯುವವರಿಗೆ?



ಹಸು ಚೆನ್ನಾಗಿ ಮೇಯುತ್ತಿರುತ್ತದೆ, ಕೆಚ್ಚಲಲ್ಲಿ ಊತವಿಲ್ಲ, ಹಾಲಿನ ಬಣ್ಣವೂ ಸರಿಯಾಗಿದೆ. ಆದರೂ ಸಿ.ಎಂ.ಟಿ. ದ್ರಾವಣ ಹಾಕಿದರೆ ಹಾಲು ಲೋಳೆಯಾಗುತ್ತದೆ. ಸುಪ್ತ ಕೆಚ್ಚಲು ಬಾವು ಹೀಗೆ ಸದ್ದಿಲ್ಲದೆ ಬರುವುದು ನಮಗೆಲ್ಲ ಗೊತ್ತು. ಅಧಿಕ ರಕ್ತದೊತ್ತಡವೂ ಅದೇ ಜಾತಿಯದು. ಬಹಳಷ್ಟು ಜನರಿಗೆ ತಲೆನೋವಿಲ್ಲ, ಸುಸ್ತಿಲ್ಲ. ಅಳೆದು ನೋಡಿದರಷ್ಟೇ ತಿಳಿಯುತ್ತದೆ.

ನಮ್ಮ ಸಂಘದ ಸದಸ್ಯರೊಬ್ಬರು ನಾಲ್ಕು ಹಸು ಕಟ್ಟಿದ್ದರು. ವೈದ್ಯರು ಬರೆದುಕೊಟ್ಟ ಬಿ.ಪಿ. ಮಾತ್ರೆಯನ್ನು ಮೂರು ತಿಂಗಳು ನುಂಗಿ, 'ಈಗ ಆರಾಮಾಗಿದ್ದೀನಿ' ಎಂದು ನಿಲ್ಲಿಸಿದರು. ಮರುವರ್ಷ ಒಂದು ಬೆಳಗಿನ ಜಾವ ಕೊಟ್ಟಿಗೆಯಲ್ಲೇ ಕುಸಿದರು. ಪಾರ್ಶ್ವವಾಯು. ಜೀವ ಉಳಿಯಿತು, ಬಲಗೈ ಏಳಲಿಲ್ಲ. ಮೂರು ಹಸು ಮಾರಿದರು. ಉಳಿದ ಒಂದರ ಹಾಲನ್ನು ಅವರ ಹೆಂಡತಿ ತರುತ್ತಾರೆ. ಅವರ ಹಾಲಿನ ಫ್ಯಾಟ್ ನನಗೆ ಬಾಯಿಪಾಠವಾಗಿತ್ತು. ಎರಡು ಹೊತ್ತೂ ನನ್ನೆದುರು ನಿಲ್ಲುತ್ತಿದ್ದ ಆ ಮನುಷ್ಯನ ಬಿ.ಪಿ. ಎಷ್ಟೆಂದು ಒಂದು ದಿನವೂ ಕೇಳಲಿಲ್ಲ.

ಒಳಗೆ ಆಗುವುದೇನು? ಹೃದಯ ಪಂಪಿದ್ದಂತೆ, ಅಪಧಮನಿಗಳು ಪೈಪಿದ್ದಂತೆ. ಒತ್ತಡ ವರ್ಷಗಟ್ಟಲೆ ಹೆಚ್ಚಿದ್ದರೆ ಅಪಧಮನಿಯ ನಯವಾದ ಒಳಪದರಕ್ಕೆ ಘಾಸಿಯಾಗುತ್ತದೆ. ಅಲ್ಲಿ ಕೊಬ್ಬು ಕೂತು ನಾಳ ಗಡುಸಾಗಿ ಕಿರಿದಾಗುತ್ತದೆ. ಆ ಒತ್ತಡದ ಎದುರು ರಕ್ತ ನೂಕಿ ನೂಕಿ ಹೃದಯದ ಎಡ ಕೋಣೆಯ ಸ್ನಾಯು ದಪ್ಪವಾಗುತ್ತದೆ. ದಪ್ಪವಾಯಿತೆಂದರೆ ಬಲ ಬಂತೆಂದಲ್ಲ. ಬಿಗಿಯಾಗಿ, ಬರಬರುತ್ತಾ ಸೋಲುತ್ತದೆ. ಹೃದಯದ ನಾಳ ಕಟ್ಟಿದರೆ ಹೃದಯಾಘಾತ. ಮೆದುಳಿನ ನಾಳ ಕಟ್ಟಿದರೂ ಒಡೆದರೂ ಪಾರ್ಶ್ವವಾಯು. ಮೂತ್ರಪಿಂಡ, ಕಣ್ಣುಗಳೂ ಕೆಡುತ್ತವೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ: ಪ್ರತಿ ಸಂಘದಲ್ಲೂ ಒಂದು ಡಿಜಿಟಲ್ ಬಿ.ಪಿ. ಯಂತ್ರ ಇರಲಿ. ಬಟವಾಡೆಯ ದಿನ ಆಶಾ ಕಾರ್ಯಕರ್ತೆಯನ್ನು ಕರೆಸಿ, 30 ವರ್ಷ ದಾಟಿದ ಸದಸ್ಯರಿಗೆಲ್ಲ ಅಳೆಯಿಸೋಣ. ಮನೆಯಲ್ಲಿ ಹಾಲು ಕರೆಯುವ ಹೆಣ್ಣುಮಕ್ಕಳನ್ನೂ ಕರೆಯೋಣ. ತಮ್ಮ ಆರೋಗ್ಯವನ್ನು ಕೊನೆಗೆ ನೋಡಿಕೊಳ್ಳುವವರು ಅವರೇ.

'ಸಂಘದ ಕೆಲಸ ಹಾಲು ಕೊಳ್ಳುವುದು, ಡಾಕ್ಟರಿಕೆ ಅಲ್ಲ' ಎನ್ನುವವರಿದ್ದಾರೆ. ನಿಜ, ರೋಗ ನಿರ್ಧರಿಸುವುದು ವೈದ್ಯರೇ. ಆದರೆ ಹಸುವಿಗೆ ವಿಮೆ ಮಾಡಿಸುವ ನಾವು ಹಸು ಸಾಕುವವರನ್ನು ಮರೆಯಬಹುದೆ? ಸಹಕಾರಿಗಳಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ ಆಪರೇಷನ್ ಖರ್ಚಿಗೆ ಆಸರೆ. ಆಪರೇಷನ್ ತನಕ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಲಿದೆ.

ಕ್ಯಾನ್ ಹೊತ್ತು ಬಂದ ಕೂಡಲೇ ಅಳೆಯಬೇಡಿ. ಕಾಫಿ, ಬೀಡಿ ಆದ ಮೇಲೆ ಅರ್ಧ ಗಂಟೆ ಬಿಡಿ. ಐದು ನಿಮಿಷ ಸುಮ್ಮನೆ ಕೂತು, ತೋಳಿಗೆ ಆಸರೆ ಕೊಟ್ಟು ಅಳೆಯಿಸಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಹೆಚ್ಚಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. 180/120 ದಾಟಿದ್ದು ಎದೆನೋವು, ಉಸಿರಾಟದ ತೊಂದರೆ, ಕೈಕಾಲಿನ ನಿಶ್ಶಕ್ತಿ ಇದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಇರಲಿ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಆ ಲೆಕ್ಕಕ್ಕೇ ಸೇರುತ್ತದೆ. ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ಬಿ.ಪಿ. ಹತೋಟಿಗೆ ಬಂದಿರುವುದು ಮಾತ್ರೆಯಿಂದಲೇ.

ಬರುವ ವಾರ್ಷಿಕ ಮಹಾಸಭೆಯಲ್ಲಿ ಈ ಒಂದು ವಿಷಯವನ್ನು ನೀವೇ ಎದ್ದು ನಿಂತು ಕೇಳಿ.

– ಹಾಲು ಉತ್ಪಾದಕರ ಸಂಘವೊಂದರ ಕಾರ್ಯದರ್ಶಿ