ಕಿಲುಬು ಹಿಡಿದ ತಂತಿ

ಬೆಂಗಳೂರಿನಲ್ಲಿ ನಾವಿರುವ ಅಪಾರ್ಟ್‌ಮೆಂಟ್ ಕಟ್ಟಿದ್ದು 1988ರಲ್ಲಿ. ಟೆಲಿಫೋನಿನ ತಂತಿಯೂ ಅಂದಿನದೇ. ಮುಂದೆ ಅದೇ ತಂತಿಯಲ್ಲಿ ಇಂಟರ್‌ನೆಟ್ ಬಂತು. ಮೋಡೆಮ್ ಮೂರು ಸಲ ಬದಲಾಯಿತು. ತಂತಿಯನ್ನು ಮಾತ್ರ ಒಬ್ಬರೂ ಮುಟ್ಟಿ ನೋಡಲಿಲ್ಲ.

ಕೆಲವು ವರ್ಷಗಳ ಹಿಂದೆ ಕಂಪನಿಯವರು ಬಂದು, "ಕೆಳಗೊಂದು ಹೊಸ ಡಬ್ಬಿ ಹಾಕಿಸಿ, ವೇಗ ಹೆಚ್ಚುತ್ತದೆ" ಎಂದರು. ಅಸೋಸಿಯೇಷನ್ನಿನ ಗಂಡಸರು ತಲೆಯಾಡಿಸಿದರು. ಸಭೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿನಲ್ಲಿ ಹೆಂಗಸರು ಎಲ್ಲಿರುತ್ತೇವೆಂದು ನಿಮಗೆ ಹೇಳಬೇಕೆ? ನಾನು ಒಲೆ ಆರಿಸಿ ಹೋಗಿ, "ತಂತಿ ಪರೀಕ್ಷೆ ಮಾಡಿಸಿದ್ದೀರಾ?" ಎಂದೆ. "ಅದೆಲ್ಲ ಟೆಕ್ನಿಕಲ್ ವಿಷಯ, ಟೀಚರ್" ಎಂದರು.

ಟೆಕ್ನಿಕಲ್ಲೇ ಆಗಲಿ. ಎಡಿಎಸ್‌ಎಲ್2 ಪ್ಲಸ್ ಎಂಬುದು ಹೆಚ್ಚೆಂದರೆ ಸೆಕೆಂಡಿಗೆ 24 ಮೆಗಾಬಿಟ್ ಕೊಡುತ್ತದೆ, ಅದೂ ಎಕ್ಸ್‌ಚೇಂಜ್ ಹತ್ತಿರವಿದ್ದರೆ. 2006ರ ವಿಡಿಎಸ್‌ಎಲ್2 ನೂರು ಮೆಗಾಬಿಟ್ ಮುಟ್ಟಬಲ್ಲದು. ಆದರೆ ತಂತಿ ಗಿಡ್ಡವಿರಬೇಕು. ಅದಕ್ಕೇ ಕಟ್ಟಡದ ಬುಡದವರೆಗೆ ಫೈಬರ್ ತಂದು, ಅಲ್ಲಿಂದ ಹಳೆಯ ತಂತಿಯಲ್ಲೇ ಮನೆಗಳಿಗೆ ಒಯ್ಯುವ ಏರ್ಪಾಡು. ಗೋಡೆ ಕೊರೆಯಬೇಕಿಲ್ಲ, ಜಾಣತನವೇ. ಆದರೆ ಮಾತಿಗೆ ಸಾಕಾಗುತ್ತಿದ್ದ ಸಡಿಲ ಜೋಡಣೆ ಈ ವೇಗಕ್ಕೆ ಸಾಲದು. ಒಂದು ಮನೆಯ ಜೋಡಿ ತಂತಿಯ ಗದ್ದಲ ಪಕ್ಕದ ಮನೆಯದಕ್ಕೂ ಸೋರುತ್ತದೆ.

ಡಬ್ಬಿ ಬಂತು. 2020ರ ಮಳೆಗಾಲದಲ್ಲಿ ನಾನು ಮನೆಯಿಂದಲೇ ಹತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ನಾಲ್ಕು ಹನಿ ಬಿದ್ದರೆ ಸಂಪರ್ಕ ಹೋಯಿತೆಂದೇ ಲೆಕ್ಕ. ಮನೆಗೆಲ್ಲ ಇರುವ ಒಂದೇ ಮೊಬೈಲಿಗೆ ತಮ್ಮ ಸರದಿ ಕಾದು ಕೂತ ಹುಡುಗಿಯರು ಆ ಕಡೆ ಖಾಲಿ ಪರದೆ ನೋಡುತ್ತಿದ್ದರು. ಕಂಪನಿಗೆ ಫೋನು ಮಾಡಿದರೆ, "ಮೋಡೆಮ್ ಬದಲಿಸಿ ಮೇಡಂ!"

ಕೊನೆಗೊಬ್ಬ ಲೈನ್‌ಮನ್ ಮೆಟ್ಟಿಲ ಕೆಳಗಿನ ಪೆಟ್ಟಿಗೆ ತೆರೆದು, "ಇಲ್ಲಿ ನೋಡಿ" ಎಂದ. ಹಸಿರು ಹಸಿರು ಕಿಲುಬು! ತಾಮ್ರದ ಬಿಂದಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆತ ತುದಿ ಕತ್ತರಿಸಿ ಹೊಸದಾಗಿ ಬಿಗಿದ. ಮಲಗುವ ಕೋಣೆಗೆ ಎಳೆದಿದ್ದ ಹಳೆಯ ಎಕ್ಸ್‌ಟೆನ್ಷನ್ ಬಿಚ್ಚಿಹಾಕಿದ. ಅರ್ಧ ಗಂಟೆಯ ಕೆಲಸ. ಆ ಮಳೆಗಾಲ ನನ್ನ ಪಾಠ ಮತ್ತೆ ನಿಲ್ಲಲಿಲ್ಲ. ಮೇಲಿನ ಮಹಡಿಯವರು ಮಾತ್ರ ಕಂಪನಿಯ ಮಾತು ನಂಬಿ ಮತ್ತೊಂದು ಮೋಡೆಮ್ ಕೊಂಡರು.

ಈಗ ಇನ್ನೊಂದು ಡಬ್ಬಿಗೆ ವಂತಿಗೆ ಕೇಳುತ್ತಿದ್ದಾರೆ. ಮೊದಲು ಪ್ರತಿ ಮನೆಯ ತಂತಿಯನ್ನೂ ಅಳೆದು ತೋರಿಸಲಿ. ಕೆಟ್ಟೇ ಹೋಗಿದ್ದರೆ ಕಿತ್ತು ಮನೆಮನೆಗೆ ಫೈಬರ್ ಎಳೆಯಲಿ, ಬೇಡವೆನ್ನುವುದಿಲ್ಲ. ಅಲ್ಲಿಯವರೆಗೆ ಬಿಡಿಗಾಸು ಕೊಡುವುದಿಲ್ಲವೆಂದು ಬರೆದುಕೊಟ್ಟಿದ್ದೇನೆ. ಸಭೆಯನ್ನು ಸಂಜೆಗೆ ಇಡಿ ಎಂದೂ.